ಪಾವಣೆ ತೀನ ಇಂಚು

ಅಲ್ಲವಾ, ಶಾಲಿ ವಹಿದಾಗ ಬರದಿಟ್ರ ಅದು ಗುರಿ ಆಗ್ತದೇನ? ಮತ್ತ ಆ ವಹಿ ತಗೊಂಡ ನಿಮ್ಮ ಮಾಸ್ತರ ಏನ ಮಾಡ್ತಾನ, ಅದನ್ನ ಮದಲ ಕೇಳಿದ್ಯೇನ? 'ನಾ ಮುಂದ ಏನ ಆಗಾಕಿ' ಅಂತ ಹೆಸರ ಹಾಕಿ, ಊರ ಹಾಕಿ ಬರಸಗೊಂಡ್ರ ಅದು ಯಾರ ಕೈಗೆ ಹೋಗ್ತದೋ ಏನೋ. ನಗಬ್ಯಾಡ. ನಿಮ್ಮ ಅಜ್ಜಿಗೆ, ಈ ದಾದಿಗೆ ಸಂಶೆ ಜಾಸ್ತಿ ಅಂತೀರಿ, ಹೌದು, ಜಾಸ್ತಿನ. ನಂದೂ ಒಂದ ಗುರಿ ಇತ್ತು. ಯಾರ ಮುಂದೂ ಹೇಳಿರಲಿಲ್ಲ, ನಮ್ಮ ಅಮ್ಮಾನ ಮುಂದೂ ಇಲ್ಲ, ಹೇಳಿದ್ರ ಆಕಿ ಓಣಿಗೆಲ್ಲಾ ಸಾರತಿದ್ಳು. ಕತ್ತರಿ. ಅಷ್ಟ. ನಮ್ಮ ಅಬ್ಬಾನ ಕತ್ತರಿ ನನ್ನ ಕೈಯಾಗ ಬರಬೇಕು, ನಾ ಮಂದಿ ಮುಂದ ಕುಂತ ಅರಿವಿ ಕತ್ತರಿಸಬೇಕು. ಹೊಲಿಯೂದಲ್ಲ ಮತ್ತ. ಹೊಲಿಗಿ ತಪ್ಪಿದ್ರ ಬಿಚ್ಚಾಕ ಬರ್ತದ, ಕತ್ತರಿಸಿದ್ದ ಕೂಡಸಾಕ ಬರಂಗಿಲ್ಲ. ಅದಕ್ಕ ಕತ್ತರಿ ಹಿಡದಾಂವ ಸಿಂಪಿಗ, ಬರೇ ಹೊಲದಾಂವ ಕೂಲಿ ಮನಷ್ಯಾ.

ಆವಾಗ ನನಗ ಹದಿನಾರೋ ಹದಿನೇಳೋ. ಸ್ವರಾಜ್ಯ ಬಂದ ಒಂದೆರಡ ವರ್ಷ ಆಗಿತ್ತು, ಜತ್ತಿನ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಿತ್ತು. ದರಿಬಡಚಿ ಒಳಗ ನಮ್ಮ ಅಬ್ಬಾ ಇಮಾಮಸಾಬ ಒಬ್ಬಾಂವನ ಸಿಂಪಿಗ. ಮನಿ ಪಡಸಾಲ್ಯಾಗ ಕಾಲಿಲೆ ತುಳಿಯೂ ಮಸೀನ. ಮತ್ತ ಅರಿವಿ ಅಂದ್ರ ಈಗಿನಂಗ ಅಲ್ಲ, ಕಂಟ್ರೋಲು. ಕಾರ್ಡ ತೋರಿಸಿ, ಪಾಳಿ ಹಚ್ಚಿ ನಿಂತು, ಇಷ್ಟ ಗಜ ಅಂತ ಅಳದ ಕೊಡಾವ್ರು. ಒಂದ ಕುಬಸದ ಖಣ ತರಬೇಕಂದ್ರ ಹೆಣಮಕ್ಕಳ ವರ್ಷಗಟ್ಟಲೆ ಕಾಯತಿದ್ರು. ಹಿಂಗಾಗಿ ಸಿಂಪಿಗನ ಮ್ಯಾಲೆ ಎಲ್ಲಾರಿಗೂ ಕಣ್ಣು. 'ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಂಗಿಲ್ಲ' ಅಂತಾರಲ್ಲ, ನಮ್ಮ ಊರಾಗ ಅದಕ್ಕ ಬಾಲ ಹಚ್ಚಿದ್ರು, 'ಸಿಂಪಿಗ್ಯಾ ಅವ್ವನ ಕುಬಸಾನೂ ಬಿಡಂಗಿಲ್ಲ' ಅಂತ. ಅರಿವಿ ತಂದಾವ್ರು ಕತ್ತರಿಸೂ ತನಕ ಎದ್ದ ಹೋಗತಿದ್ದಿಲ್ಲ. ಉಳದ ಚಿಂದಿ ಎಷ್ಟ ತುಂಡ ಅಂತ ಎಣಸಿ ಇಟ್ಟ ಹೋಗಾವ್ರು, ಹೊಲದದ್ದ ಒಯ್ಯೂವಾಗ ಮತ್ತ ಎಣಸಿ ಗಂಟ ಕಟಗೊಂಡ ಒಯ್ಯಾವ್ರು. ಬೆರಳಷ್ಟ ಅಗಲದ ಚಿಂದಿ ಒಂದ ಕಡಿಮಿ ಬಂದ್ರ ಅಬ್ಬಾ ಕಳ್ಳ. ಅಬ್ಬಾ ಏನ ಕಳ್ಳ ಇರಲಿಲ್ಲ ಮತ್ತ, ಖುದಾನ ಆಣಿ. ಆದ್ರ ಆಂವಾ ಒಮ್ಮೆನೂ ಎದರ ಮಾತಾಡಲಿಲ್ಲ, ಚಿಂದಿ ಜೋಡಿಸಿ ಜೋಡಿಸಿ ಇಡಾಂವ. ಅದನ್ನ ನೋಡಿದ್ರ ನನ್ನ ಹೊಟ್ಟಿ ಉರೀತಿತ್ತು.

ಏನ ಹೇಳಾಕತ್ತಿದ್ನಿ? ಹಾಂ, ಕಣ್ಣು. ಅಬ್ಬಾನ ಕಣ್ಣಿಗೆ ಪೊರಿ ಬಂತು. ಸೂಜ್ಯಾಗ ದಾರ ಪೋಣಸಾಕ ನನ್ನ ಕರಿಯಾಂವ. ಮುಂದ ಕಾಜಾ ನಾನ ಮಾಡಾಕ ಹತ್ತಿದ್ನಿ, ಅದ ಗುಂಡಿ ಹಾಕೂ ತೂತು, ಕಾಜಾ. ಆಮ್ಯಾಲೆ ಪಡದಾ ಇಳಿಬಿಟ್ಟ ಮಸೀನಿಗೆ ನಾನ ಕುಂಡ್ರತಿದ್ನಿ, ಹೊರಗ ಕಟ್ಟಿಮ್ಯಾಲೆ ಅಬ್ಬಾ. ಮಂದಿ ತಿಳಕೊಂಡಿದ್ರು ಅಬ್ಬಾನ ಹೊಲೀತಾನ ಅಂತ. ನಾ ಮನಸಿನಾಗ ಲೆಕ್ಕ ಹಾಕಿದ್ನಿ, ಮೊಹರಮ್ಮಿನ ತನಕ ಕಾಜಾ ಆತು, ಈದಿನ ತನಕ ಹೊಲಿಗಿ ಆತು, ಮುಂದಿನ ಈದಿಗೆ ಕತ್ತರಿ. ಆದ್ರ ಅಬ್ಬಾ ಕತ್ತರಿ ಮಾತ್ರ ಬಿಡವಲ್ಲ. ಕಾಣಲಿಲ್ಲಂದ್ರೂ ಬೆರಳಿಲೆ ಮುಟ್ಟಿ ಮುಟ್ಟಿ ತಾನ ಕತ್ತರಿಸಾಂವ. ನಾ ಏನ ಮಾಡಿದ್ನಿ, ಆಂವಾ ನಮಾಜಿಗೆ ಹೋದಾಗ ಹಿತ್ತಲದಾಗ ಹೋಗಿ ಎಕ್ಕಿ ಎಲಿ ಕತ್ತರಿಸಿ ಕಲಿಯೂದು. ಅಗಲ ಎಲಿ, ಅರಿವಿಯಂಗ ಬಾಗ್ತದ. ಎಲಿಮ್ಯಾಲೆ ಕೊಳ್ಳ ಕತ್ತರಿಸು, ತೋಳ ಕತ್ತರಿಸು, ಆಡಿಗೆ ಒಗಿ. ಆದ್ರ ಎಕ್ಕಿ ಹಾಲ ಇರ್ತದಲ್ಲ, ನಾ ಎಷ್ಟ ಒರಸಿದ್ರೂ ಕತ್ತರಿಗೆ ಅಂಟ. ಒಂದಿನ ಅಬ್ಬಾ ಕತ್ತರಿ ತಗದಾಂವ, ಎರಡ ಸರ್ತೆ ತಗದ ಮುಚ್ಚಿ ನೋಡಿದ, ಮೂಸಿ ನೋಡಿದ. ಕತ್ತರಿ ಯಾರ ಮುಟ್ಟಿದ್ರು ಅಂದ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡ ಅಂತಾರ ನೋಡ್ರಿ, ಹಂಗ ನಾ ನನ್ನ ಕೈ ಸೆರಗಿಗೆ ಒರಸಾಕ ಹತ್ತಿದ್ನಿ. ಕಣ್ಣ ಕಾಣದಾಂವಗ ಅದು ಹ್ಯಾಂಗ ಗೊತ್ತಾತೋ, 'ಕೈ ಒರಸಬ್ಯಾಡ, ಇಲ್ಲಿ ಬಾ' ಅಂದ.

ಬೈತಾನ ಅಂತ ಹೋದ್ನಿ. ಬೈಲಿಲ್ಲ. ಅಂದ, ಬೇಟಾ, ನಾ ಕೊಟ್ರ ಕತ್ತರಿ ನಿಂದ ಆಗಂಗಿಲ್ಲ. ಯಾರರೆ ಒಬ್ರು ನೀ ಹುಡುಗಿ ಅಂತ ಗೊತ್ತಿದ್ದೂ, ತಮ್ಮ ಕೈಯಾರೆ ತಮ್ಮ ಅರಿವಿ ನಿನ್ನ ಕೈಯಾಗ ಇಡಲಿ, ಅವತ್ತಿಂದ ಕತ್ತರಿ ನಿಂದು. ಇಲ್ಲಂದ್ರ ನಾ ಈ ಮಸೀನ ಜತ್ತಿನ ಸಿಂಪಿಗನಿಗೆ ಕೊಟ್ಟ ಬಿಡ್ತೀನಿ, ನನ್ನ ಕೈಲೆ ಇನ್ನ ಆಗಂಗಿಲ್ಲ. ಮಸೀನ ಹೋದ್ರ ನಮ್ಮ ಮನ್ಯಾಗ ಒಲಿ ಹತ್ತಂಗಿಲ್ಲ, ಅದು ಮೂರೂ ಮಂದಿಗೆ ಗೊತ್ತಿತ್ತು. ನನಗ ಮತ್ತ ಸಂಶೆ, ಅಬ್ಬಾ ಹಿಂಗ್ಯಾಕ ಅಂದ, ಆಗದಿರೂ ಷರತ್ತ ಹಾಕಿ ನನ್ನ ತಪ್ಪಸಾಕತ್ತಾನೇನ? ಯಾಕಂದ್ರ ನಮ್ಮೂರಾಗ ತನ್ನ ಕೈಯಾರೆ ಹುಡುಗಿ ಕೈಗೆ ಅರಿವಿ ಕೊಡೂ ಹೆಣಮಗಳ ಹುಟ್ಟೇ ಇರಲಿಲ್ಲ.

ಆವಾಗ ಬಂದ್ಳು ಶಿವಲಿಂಗವ್ವ. ಅಂಗಡಿ ಶೆಟ್ಟರ ಹೇಣತಿ, ಅವರದ ಕಂಟ್ರೋಲಿನ ಅರಿವಿ ಅಂಗಡಿ. ಊರಾಗ ಎಲ್ಲಾರಕಿಂತ ಸಂಶೆ ಆಕಿಗೆ. 'ತಾ ಕಳ್ಳ ಪರರ ನಂಬ' ಅಂತಾರ... ಅಂದ್ರ ಆಕಿ ಕಳ್ಳಿ ಅಂತ ಅಲ್ಲ, ಬ್ಯಾಡ ಬಿಡ್ರಿ, ಸತ್ತ ಹೋಗ್ಯಾಳ. ಆಕಿ ಜೋಡಿ ಹೊಸಾ ಸೊಸಿ, ಶೇಗಾಂವದಾಕಿ, ಸುಶೀಲಾ. ಲಿಂಗಾಯತರ, ಆದ್ರ ಆ ಕಡೆ ಎಲ್ಲಾ ಮರಾಠಿ, ಬಾಯಿ ತಗದ್ರ ಮರಾಠಿ. ಆಕಿಗೆ ನಮ್ಮ ಗಂಟ ಕಟ್ಟೂ ಕುಬಸ ಬ್ಯಾಡ, ಹೊಸಾ ನಮೂನಿ ಪೋಲಕಾ ಬೇಕು. ತವರಿಗೆ ಹಬ್ಬಕ್ಕ ಹೋಗಬೇಕು, ನಾಕ ದಿನ ಉಳದಾವ. ಶಿವಲಿಂಗವ್ವ ಖಣ ತಗದ್ಳು, ಕರೇ ಅಂಚಿನ ಕೆಂಪ ಖಣ, ಹಂಗ ಮಿಂಚತಿತ್ತು. ಅಬ್ಬಾನ ಮುಂದ ಹಿಡದ್ಳು. ಅಬ್ಬಾ ಕೈ ಚಾಚಿದ್ದ ಬ್ಯಾರೆ ಕಡೆ. ಅಷ್ಟರಾಗ ಆಕಿ ಖಣ ಹಿಂದ ಎಳಕೊಂಡ್ಳು. 'ಇಮಾಮಣ್ಣಾ, ನಿನಗ ಕಾಣಸವಲ್ಲದು. ಹಂಗಾದ್ರ ಇಷ್ಟ ದಿನ ಹೊಲೀತಿದ್ದಾವ್ರು ಯಾರು?'

ನೋಡ್ರಿ, ಇಂಥಾ ಮಾತ ಯಾರೂ ಕೇಳಿರಲಿಲ್ಲ ಆ ತನಕ. ಅಬ್ಬಾ ಖರೆ ಹೇಳಿಬಿಟ್ಟ, ಹೊಲದಾಕಿ ನನ್ನ ಮಗಳ ಜೈನಾಬಿ, ಕತ್ತರಿಸೂದೂ ಆಕಿನ ಮಾಡ್ತಾಳ ಕೊಟ್ರ ಅಂತ. ಶಿವಲಿಂಗವ್ವ ನನ್ನ ಮ್ಯಾಲಿಂದ ಕೆಳಗ ತನಕ ನೋಡಿದ್ಳು. ಹೋಗ್ತಾಳ ಅಂದಕೊಂಡ್ನಿ. ಆದ್ರ ಆಕಿ ಸಂಶೆನ ನನಗ ಪುಣ್ಯ ಮಾಡ್ತು ನೋಡ್ರಿ. ಜತ್ತಿಗೆ ಚಕ್ಕಡಿ ಹೂಡಿ ಹೋಗಿ ಅಲ್ಲಿ ಸಿಂಪಿಗನ ಕೈಯಾಗ ಕೊಟ್ರ ಆಂವಾ ಎಷ್ಟ ಅರಿವಿ ಹೊಡೀತಾನೋ ಯಾರಿಗೆ ಗೊತ್ತು, ಇದಾದ್ರ ನನ್ನ ಕಣ್ಣ ಮುಂದ ಐತಿ ಅಂತ ತನಗ ತಾನ ಲೆಕ್ಕ ಹಾಕಿದ್ಳು, ಬಾಯಿಲೆ ಗೊಣಗತಿದ್ಳು, ನನಗ ಕೇಳತಿತ್ತು. ಆಮ್ಯಾಲೆ ಖಣ ತಂದ ನನ್ನ ಕೈಯಾಗ ಇಟ್ಳು. ಅಬ್ಬಾ ಕತ್ತರಿ ನನ್ನ ಕಡೆ ಸರಿಸಿದ.

ಹೊಸಾ ನಮೂನಿ ಅಂದಮ್ಯಾಲೆ ಅಳತಿಗೆ ಹಳೇ ಕುಬಸ ಇಲ್ಲ. ಸುಶೀಲಾ ತವರೂರ ಸಿಂಪಿಗ ಹೇಳಿದ್ದ ಅಳತಿ ಬಾಯಿಪಾಠ ಮಾಡಿದ್ಳು, ಮರಾಠಿ ಒಳಗ ಹೇಳಕೋತ ಹೋದ್ಳು. ನಾ ಖಡು ತಗೊಂಡ ಗೆರಿ ಹೊಡಕೋತ ಹೋದ್ನಿ. ಎದಿ ಇಷ್ಟು, ತೋಳ ಇಷ್ಟು, ಎಲ್ಲಾ ತಿಳೀತು. ಕೊಳ್ಳಿನ ಅಳತಿ ಬಂತು, 'ಗಳಾ ಪಾವಣೆ ತೀನ' ಅಂದ್ಳು. ಅಷ್ಟರಾಗ ಒಳಗಿಂದ ಅಮ್ಮಾ ಕೂಗಿದ್ಳು, ಮೂರ ಮಂದಿ ಪಾವಣ್ಯಾರ ಯಾವಾಗ ಬರ್ತಾರ, ಹಿಟ್ಟ ಜಾಸ್ತಿ ಕಲಸಲೇನ ಅಂತ! ಪಾವಣೆ ಅಂದದ್ದ ಆಕಿಗೆ ಪಾವಣ್ಯಾರ, ಬೀಗರು, ಅಂತ ಕೇಳಿತ್ತು. ಎಲ್ಲಾರೂ ಬಿದ್ದ ಬಿದ್ದ ನಕ್ರು. ಸುಶೀಲಾ ಹೊಟ್ಟಿ ಹಿಡಕೊಂಡ ನಕ್ಕಳು. ನಾನೂ ನಕ್ನಿ. ಆದ್ರ ಖರೆ ಹೇಳ್ಲೇನ, ನನಗೂ ಪಾವಣೆ ಅಂದ್ರ ಏನಂತ ಬರೋಬ್ಬರಿ ಗೊತ್ತಿರಲಿಲ್ಲ. ಅಮ್ಮಾನ್ನ ನೋಡಿ ನಕ್ಕಮ್ಯಾಲೆ ನಾ ಕೇಳಾಕ ಹ್ಯಾಂಗ ಆಗ್ತದ? ಕೇಳಿದ್ರ ಶಿವಲಿಂಗವ್ವ ಖಣ ಮಡಚಿ ಬಗಲಾಗ ಇಟಗೊಂಡ ಹೋಗಾಕಿ. ಪಾವ ಅಂದ್ರ ಕಾಲ ಭಾಗ, ಪಾವಶೇರ ಅಂತೀವಿ, ತೀನ ಅಂದ್ರ ಮೂರು. ಮೂರರ ಮ್ಯಾಲೆ ಪಾವ, ಅಷ್ಟ ಅಲ್ಲೇನ ಅಂತ ಧೈರ್ಯ ಮಾಡಿ ಮೂರೂ ಕಾಲ ಇಂಚಿಗೆ ಗೆರಿ ಹೊಡದ್ನಿ. ಕರಕ್ ಕರಕ್ ಅಂತ ಕತ್ತರಿಸಿದ್ನಿ. ಶಿವಲಿಂಗವ್ವ ಚಿಂದಿ ಎಣಸಿದ್ಳು, ಏಳ ತುಂಡ. ಒಂದೊಂದನ್ನ ಬೆರಳಿಲೆ ಅಳದ ನೋಡಿದ್ಳು, ಇಟ್ಳು, ಹೋದ್ಳು.

ಆಕಿ ಹೋದಮ್ಯಾಲೆ ಅಬ್ಬಾ ಕತ್ತರಿಸಿದ್ದನ್ನ ತೊಡಿಮ್ಯಾಲೆ ಹಾಸಕೊಂಡು ಬೆರಳಿಲೆ ನೋಡಾಕ ಹತ್ತಿದ. ಬೆನ್ನ ಚಲೋ, ತೋಳ ಚಲೋ ಅಂದ. ಕೊಳ್ಳಿನ ಹಂತೇಕ ಬೆರಳ ನಿಂತ್ವು. ಎಷ್ಟ ಇಟ್ಟಿ ಅಂದ. ಮೂರೂ ಕಾಲ ಅಂದ್ನಿ. ಆಂವಾ ಅರಿವಿ ಮಡಚಿ ಇಟ್ಟು ಅಂದ, 'ಪಾವಣೆ ಅಂದ್ರ ಪಾವ ಕಡಿಮಿ, ಬೇಟಾ. ಎರಡೂ ಮುಕ್ಕಾಲು.' ಅಂದ್ರ ಅರ್ಧಾ ಇಂಚ ತಗ್ಗಿತು ಕೊಳ್ಳು. ನಿಮಗ ಅರ್ಧಾ ಇಂಚ ಏನ ಅನಸಬಹುದು, ಈಗ ಹೆಂಗೆಂಗೋ ಹಾಕೋತೀರಿ. ಆವಾಗ ಶೆಟ್ಟರ ಸೊಸಿ ಅಂಥಾ ಕೊಳ್ಳ ಹಾಕೊಂಡ್ರ ಊರ ಮಾತಾಡತಿತ್ತು. ನಾ ಅತ್ನಿ. ನನ್ನಿಂದ ಏನೂ ಆಗಂಗಿಲ್ಲ, ನಾ ಎಲಿ ಕತ್ತರಿಸಾಕಷ್ಟ ಲಾಯಕ ಅಂದ್ನಿ. ಅಬ್ಬಾ ಸಮಾಧಾನ ಮಾಡಲಿಲ್ಲ, ಅತ್ತ ಮುಗೀತಂದ್ರ ಏನರೆ ಹಾದಿ ಹುಡುಕು ಅಂದ. ಮುಖ ತೊಳಕೊಂಡ ಬಂದ ಚಿಂದಿ ನೋಡಿದ್ನಿ. ಎರಡ ಉದ್ದನ ತುಂಡ ಇದ್ವು, ಕರೇ ಅಂಚಿನವು. ಅವನ್ನ ಕೂಡಿಸಿ ಅರ್ಧಾ ಇಂಚಿನ ಪಟ್ಟಿ ಮಾಡಿ ಕೊಳ್ಳಿನ ಸುತ್ತ ಹಚ್ಚಿದ್ನಿ. ತಪ್ಪ ಮುಚ್ಚಾಕ ಹಚ್ಚಿದ್ದ ಅಂತ ಗೊತ್ತಾಗವಲ್ಲದು. ಖರೆ ಅಂದ್ರ ಮದಲಕಿಂತ ಚಂದ ಆತು. ಅಮ್ಮಾ ನನಗ ಕಿವಿಯಾಗ ಹೇಳಿಕೊಟ್ಳು, ಯಾರರೆ ಕೇಳಿದ್ರ ಹೊಸಾ ಫ್ಯಾಶನ್ನು ಅನ್ನು ಅಂತ.

ಮೂರನೇ ದಿನ ಅತ್ತಿ ಸೊಸಿ ಬಂದ್ರು, ಹಿಂದಿಂದ ಓಣ್ಯಾಗಿನ ನಾಕ ಹೆಣಮಕ್ಕಳೂ ಬಂದ್ರು, ಹುಡುಗಿ ಕತ್ತರಿಸಿದ್ದ ನೋಡಾಕ. ಸುಶೀಲಾ ಒಳಗ ಹೋಗಿ ಪೋಲಕಾ ಹಾಕೊಂಡ ಬಂದ್ಳು, ಪಟ್ಟಿ ಮ್ಯಾಲೆ ಕೈ ಆಡಿಸಿ ಆಡಿಸಿ ಖುಷಿ. ನಾ ಒಳಗೊಳಗ ಗೆದ್ನಿ ಅಂದಕೊಂಡ್ನಿ. ಶಿವಲಿಂಗವ್ವ ಸೊಸಿನ್ನ ನೋಡಲೇ ಇಲ್ಲ, ಚಿಂದಿ ಬಿಚ್ಚಿ ಎಣಸಿದ್ಳು. ಐದ. ಮತ್ತ ಎಣಸಿದ್ಳು. ಐದ. ಕೂಗಾಡಲಿಲ್ಲ, ಸಣ್ಣ ದನಿಲೆ ಅಂದ್ಳು, 'ಎರಡ ಎಲ್ಲಿ ಹೋದೂ, ಜೈನಾಬಿ?'

ಅಲ್ಲಾ, ನನಗ ಆವಾಗ ಹೊಳೀತು. ಫ್ಯಾಶನ್ನು ಅಂದ್ರ, ಕೇಳದ ಯಾಕ ಹಚ್ಚಿದಿ ಅಂತಾಳ. ಸುಮ್ಮನಿದ್ರ ಕಳ್ಳಿ. ಖರೆ ಹೇಳಿದ್ರ ಕತ್ತರಿಸಾಕ ಬರದಾಕಿ. ಕಳ್ಳಿ ಅನಸಕೊಂಡ್ರ ಅಬ್ಬಾನ ಹೆಸರ ಹೋಗ್ತದ, ಬರದಾಕಿ ಅನಸಕೊಂಡ್ರ ಕತ್ತರಿ ಹೋಗ್ತದ, ಮಸೀನ ಹೋಗ್ತದ. ಅಬ್ಬಾನ ಕಡೆ ನೋಡಿದ್ನಿ. ಆಂವಾ ರೂಢಿಯಂಗ ತಲಿ ತಗ್ಗಿಸಿ, ಐದ ಚಿಂದಿ ಕೈಯಾಗ ತಗೊಂಡ ಜೋಡಸಾಕ ಹತ್ತಿದ್ದ. ಅದನ್ನ ನೋಡಿ ನನಗ ತಡೀಲಿಲ್ಲ. ಸುಶೀಲಾಗ ಒಳಗ ಹೋಗಿ ಪೋಲಕಾ ಬಿಚ್ಚಿ ಕೊಡು ಅಂದ್ನಿ. ಎಲ್ಲಾರ ಮುಂದ ಕುಂತು, ಸೂಜಿ ಮೊನಿಲೆ ಹೊಲಿಗಿ ಒಂದೊಂದ ಎತ್ತಿ ಪಟ್ಟಿ ಬಿಚ್ಚಿದ್ನಿ. ಬಿಚ್ಚಿ ಶಿವಲಿಂಗವ್ವನ ಮುಂದ ಹಾಸಿದ್ನಿ.

'ಇವ ನೋಡ್ರಿ ಅಕ್ಕಾರ ಎರಡ ತುಂಡ. ಕೊಳ್ಳ ನಾ ತಪ್ಪ ಕತ್ತರಿಸೀನಿ. ಪಾವಣೆ ಅಂದ್ರ ನನಗ ಗೊತ್ತಿರಲಿಲ್ಲ, ಕೇಳಾಕ ನಾಚಿಕಿ ಆತು. ತಪ್ಪ ನಂದು. ಕಳವ ನಮ್ಮ ಮನ್ಯಾಗ ಇಲ್ಲ.'

ಶಿವಲಿಂಗವ್ವ ಪಟ್ಟಿ ತಗೊಂಡು, ಕೂಡಿಸಿದ್ದ ಬಿಚ್ಚಿ, ಎರಡ ತುಂಡ ಬೆರಳಿಲೆ ಅಳದ ನೋಡಿದ್ಳು. ಏಳ ಆದೂ. ನನ್ನ ಮಾರಿ ನೋಡಿದ್ಳು. ಹಚ್ಚು ಮತ್ತ, ನನ್ನ ಮುಂದ ಹಚ್ಚು ಅಂದ್ಳು. ಹಚ್ಚಿದ್ನಿ. ಮದಲ ಎರಡ ಹೊಲಿಗಿ ಸೊಟ್ಟ ಬಿದ್ವು, ಆಮ್ಯಾಲೆ ನೆಟ್ಟಗ. ಬಚ್ಚಿಡೂದ ಏನೂ ಉಳದಿರಲಿಲ್ಲಲ್ಲ, ಇನ್ನ ಯಾಕ ಅಂಜಬೇಕು? ಮುಗದಮ್ಯಾಲೆ ಶಿವಲಿಂಗವ್ವ ಏನ ಅಂದ್ಳು ಗೊತ್ತೇನ, ದೀಪಾವಳಿಗೆ ನಂದ ಒಂದ ಖಣ ಐತಿ, ತರ್ತೀನಿ, ಅಳತಿ ಕನ್ನಡದಾಗ ಹೇಳ್ತೀನಿ ಅಂದ್ಳು. ಮಸೀನ ಜತ್ತಿಗೆ ಹೋಗಲಿಲ್ಲ, ಕತ್ತರಿ ನನ್ನ ಕೈಯಾಗ ಉಳೀತು.

ಅಲ್ಲಿಂದ ಆಕಿ ನನ್ನ ನಂಬಿದ್ಳು ಅಂತ ತಿಳಕೊಂಡೀರಿ. ಎಲ್ಲೀದು! ಸಾಯೂ ತನಕ ಎಣಸಿದ್ಳು. ಇಪ್ಪತ್ತ ವರ್ಷ ಆಕಿ ಅರಿವಿ ಹೊಲದೀನಿ, ಇಪ್ಪತ್ತ ವರ್ಷ ಎದರಿಗೆ ಕುಂತ ಚಿಂದಿ ಎಣಸ್ಯಾಳ. ಮದಲ ಮದಲ ಸಿಟ್ಟ ಬರತಿತ್ತು, ಮುಂದ ನಾನ ಅಂತಿದ್ನಿ, ಎಣಸ್ರಿ ಅಕ್ಕಾರ, ಲಗೂನ ಎಣಸ್ರಿ, ನನಗ ಬ್ಯಾರೆ ಕೆಲಸ ಐತಿ ಅಂತ. ಮಂದಿ ನಂಬಿದಮ್ಯಾಲೆ ನನಗ ಧೈರ್ಯ ಬರ್ತದ ಅಂತ ಕುಂತ್ರ, ಯವ್ವಾ, ಮುದುಕಿ ಆಗಿ ಹೋಗ್ತೀರಿ. ಗೊತ್ತಿಲ್ಲದ್ದ ಕೇಳ್ರಿ, ತಪ್ಪಿದ್ದ ತಪ್ಪಂತ ಹೇಳ್ರಿ, ಎಣಸಾವ್ರ ಮುಂದ ಕೆಲಸ ಮಾಡ್ರಿ. ಎಣಸಾವ್ರು ಎಣಸ್ಲಿ.