ಹಿತ್ತಲಿಗೆ ಬಂದ ಗಿಡುಗ

ಗದಗ ಬಸ್‌ಸ್ಟ್ಯಾಂಡಿನಲ್ಲಿ ಮುಂಡರಗಿ ಬಸ್ಸಿಗೆ ಕಾಯುತ್ತಿದ್ದ ಶ್ರೀಲಕ್ಷ್ಮಿಗೆ, ಪಕ್ಕದಲ್ಲಿ ಕೂತಿದ್ದ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡ ಹೆಂಡತಿಯ ಮುಖದ ಮುಂದೆ ಮೊಬೈಲು ಹಿಡಿದಿದ್ದ.

“ನೋಡ, ಅನ್ನಪೂರ್ಣಾ. ಗಿಡಗ ಹೆಂಗ ರೆಕ್ಕಿ ಬಿಚ್ಚೇತಿ! ಹಿತ್ತಲದಾಗ ಕ್ಯಾಮೆರಾ ಕಟ್ಟಿದ್ದಕ್ಕ ಸಿಕ್ಕೇತಿ ಇದು.”

“ರೆಕ್ಕಿ ಕಂಡ್ವು ನಿಮಗ. ಅದರ ಕಾಲಾಗ ನಾ ಸಾಕಿದ ಪಾರಿವಾಳ ಇದ್ದದ್ದು ಕಾಣಲಿಲ್ಲೇನ್ರಿ?”

“ಕಂಡಿತ್ತು.”

“ಕಂಡಿತ್ತಂತ! ತಿಂದದ್ದು ಬಾಜೂಮನಿ ಶೈಲಾನ ಬೆಕ್ಕು ಅಂತ ನಾ ಓಣಿ ತುಂಬ ಒದರಿದಾಗ ಬಾಯಾಗ ಏನ ಇಟ್ಕೊಂಡಿದ್ರಿ?”

“ಹೇಳಿದ್ರ ನೀ ಹಿತ್ತಲದ ಮ್ಯಾಲ ಬಲೆ ಕಟ್ಟಸ್ತಿದ್ದಿ. ಮತ್ತ ಗಿಡಗ ಬರತಿದ್ದಿಲ್ಲ.”

“ಭಾಳ ಶಾಣ್ಯಾರು! ಆಕಿ ಅಳಕೊಂತ ಹೋಗಿ ಬೆಕ್ಕನ್ನ ಹುಲಕೋಟಿಯೊಳಗ ತಂಗಿ ಮನ್ಯಾಗ ಬಿಟ್ಟ ಬಂದ್ಲು. ನಿಮ್ಮ ಫೋಟೋಕ್ಕ ಬೆಂಕಿ ಹಚ್ಚ.”

“ಈಗ ತರಾಕ ಹೊಂಟೀವಲ್ಲ.”

“ತಂದು ಆಕಿ ಕೈಯಾಗ ಕೊಟ್ಟು, ತಪ್ಪಾತು ಅನ್ನಾಕಿ ನಾನು. ನೀವು ಕ್ಯಾಮೆರಾ ಒರಸ್ಕೊಂತ ಕುಂಡ್ರವ್ರು.”

ಗಂಡ ಮೊಬೈಲನ್ನು ಜೇಬಿಗೆ ಸೇರಿಸಿದ. ಅಷ್ಟರಲ್ಲಿ ಹುಲಕೋಟಿ ಬಸ್ಸು ಬಂದು ನಿಂತಿತು. ಅನ್ನಪೂರ್ಣವ್ವ ಮುಚ್ಚಳದ ಬುಟ್ಟಿ ಎತ್ತಿಕೊಂಡು ಮುಂದೆ ನಡೆದಳು.

“ಅದರ ಹೆಸರೇನ?” ಗಂಡ ಹಿಂದಿನಿಂದ ಕೇಳಿದ. “ಕರದ್ರ ಬರಬೇಕಲ್ಲ.”

ಆಕೆ ಬಸ್ಸಿನ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು. ದನಿ ಇಳಿದಿತ್ತು.

“ಗೊತ್ತಿಲ್ರಿ. ನಾ ಅದನ್ನ ಬರೇ ಕಳ್ಳಬೆಕ್ಕು ಅಂತನ ಕರದೀನಿ.”

ಹಿಂದಿದ್ದವರು ನೂಕಿದರು. ಇಬ್ಬರೂ ಒಳಗೆ ಹೋದರು.