ಐದರಿಂದ ಏಳು

ಎಲ್ಲರಿಗೂ ಸ್ವಾಗತ ಎಂದು ಬೋರ್ಡು ಬರೆಸಿಬಿಟ್ಟರೆ ಎಲ್ಲರೂ ಬರುತ್ತಾರೆಯೇ? ಯಂತ್ರ ರಿಪೇರಿ ಕಲಿಯಲೆಂದು ನಾವು ಊರವರು ಸೇರಿ ತೆರೆದ ವರ್ಕ್‌ಶಾಪಿಗೆ ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಿಂದ ಬಂದವಳು ಒಬ್ಬಳೇ, ಅದೂ ಒಂದೇ ಸಂಜೆ. ನಾನು ಅವಳನ್ನು ಕಂಡಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಸೆಲ್ವಿ ಎಂಬ ಹೆಸರು ನೋಡಿದ್ದೆ, ಅಷ್ಟೆ. ಶ್ರೀಮಂಗಲ ಬಸ್‌ಸ್ಟ್ಯಾಂಡಿನಲ್ಲಿ ಅದನ್ನೇ ಯೋಚಿಸುತ್ತ ಕೂತಿದ್ದಾಗ ಹಿಂದಿನ ಬೆಂಚಿನಿಂದ ಮಾತು ಕೇಳಿಸಿತು.

“ಇವತ್ತೂ ಕ್ಲಾಸಿಗೆ ಹೋಗಲ್ವಾ ಸೆಲ್ವಿ?”

“ಇಲ್ಲ ಸುಮಿತ್ರಕ್ಕ. ಅವರು ಕ್ಲಾಸು ಬಿಡೋದೇ ಏಳಕ್ಕೆ. ಆಮೇಲೆ ಬಸ್ಸಿಲ್ಲ.”

“ಕಳೆ ಹೊಡೆಯೋ ಮೆಷಿನ್ ರಿಪೇರಿ ಕಲ್ತು ಕಾಫಿ ಪಿಕ್ಕಿಂಗ್ ಬಿಟ್ಟೇಬಿಡ್ತೀನಿ ಅಂತಿದ್ದೆ.”

“ಆವತ್ತು ಕ್ಲಾಸಿಂದ ಕತ್ತಲಲ್ಲಿ ವಾಪಸ್ ಬರುವಾಗ ಕಾಫಿ ಗಿಡದ ಮಧ್ಯ ಬಂಡೆ ಇದೆ ಅಂದ್ಕೊಂಡೆ. ಆನೆ ಕಾಲು ಅದು.”

“ಅಯ್ಯಪ್ಪಾ. ಓಡಿದ್ಯಾ?”

“ಎಲ್ಲಿಗೆ ಓಡೋದು? ಅದು ಹೋಗೋ ತನಕ ಬಾಯಿಗೆ ಸೆರಗು ತುರ್ಕೊಂಡು ಚರಂಡೀಲಿ ಕೂತಿದ್ದೆ.”

“ಬಾಕಿಯವರು ಹೆಂಗೆ ಹೋಗ್ತಾರೆ?”

“ಅವರಿಗೆ ಜೀಪಿದೆ, ಬೈಕಿದೆ. ನಡ್ಕೊಂಡು ಹೋಗೋದು ನಾನು, ಆನೆ, ಇಬ್ಬರೇ.”

ಸುಮಿತ್ರಕ್ಕ ನಕ್ಕಳು. ಸೆಲ್ವಿ ನಗಲಿಲ್ಲ.

“ಇವತ್ತು ಹೋಗದಿದ್ರೆ ಹೆಸರು ತೆಗೀತಾರಂತೆ, ಅಕ್ಕ.”

“ಭಾನುವಾರ ಬೆಳಿಗ್ಗೆ ಇಡಿ ಅಂತ ಕೇಳು.”

“ಪುಕ್ಕಟೆ ಕಲಿಸ್ತಾರೆ. ಟೈಮೂ ನಮ್ದೇ ಇಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?”

“ತೆಗೀಲಿ ಬಿಡು. ಜೀವ ಇದ್ರೆ ಸಾಕು.”

ಕುಟ್ಟಕ್ಕೆ ಹೋಗುವ ಬಸ್ಸು ಬಂತು. ಸೆಲ್ವಿ ಒಮ್ಮೆ ವರ್ಕ್‌ಶಾಪಿನ ರಸ್ತೆಯತ್ತ ನೋಡಿ, ಸುಮಿತ್ರಕ್ಕನ ಹಿಂದೆ ಬಸ್ಸು ಹತ್ತಿದಳು.

ಕ್ಲಾಸಿಗೆ ಐದರಿಂದ ಏಳು ಎಂದು ಹೊತ್ತು ಗೊತ್ತುಮಾಡಿದವನು ನಾನೇ.