ಕಡಲ ಬದಿಯಲ್ಲಿ ಹೆಸರು ಹಿಡಿದು ಕರೆದದ್ದು

ಶೇಷಮ್ಮ ಬಸ್ಸಿಳಿದಾಗ ರಾತ್ರಿ ಒಂಬತ್ತೂವರೆ. ಆದರೂ ಬೆಳಕಿತ್ತು. ಐರ್ಲೆಂಡಿನಲ್ಲಿ ಜೂನ್ ತಿಂಗಳು ಹಾಗೇ... ಹತ್ತಾದರೂ ಕತ್ತಲಾಗುವುದಿಲ್ಲ. ಸ್ಟಾಪಿನಿಂದ ಮಗಳ ಮನೆಗೆ ಹತ್ತು ನಿಮಿಷದ ದಾರಿ. ನಡುವೆ ಒಂದು ಹಳೇ ಬಾವಿ. ಸುತ್ತ ಕಲ್ಲು ಕಟ್ಟಿ, ಬಾಯಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅದನ್ನು ದಾಟುವಾಗ ಹಿಂದೆ ಸದ್ದು ಕೇಳಿತು.

ಪಚಕ್... ಟಿಕ್. ಪಚಕ್... ಟಿಕ್.

ಅವಳು ನಿಂತಳು. ಸದ್ದೂ ನಿಂತಿತು.

ಈ ಶೇಷಮ್ಮ ನಮ್ಮ ದೊಡ್ಡಮ್ಮನ ಮಗಳು, ಎನ್.ಆರ್.ಪುರದವಳು. ಕತೆ ಕಟ್ಟುವ ಪೈಕಿ ಅಲ್ಲ. ಕಟ್ಟುವಷ್ಟು ಮಾತೇ ಅವಳಿಗೆ ಬರುವುದಿಲ್ಲ. ಗಂಡ ಹೋದ ಮೇಲಂತೂ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೆ.

ಹೋದರು ಅಂತ ಹೇಳುವ ಹಾಗೂ ಇರಲಿಲ್ಲ. ಹೆಣ ಸಿಕ್ಕಿರಲಿಲ್ಲ.

ಹಿಂದಿನ ವರ್ಷ ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಬಹಳ ಇಳಿದು, ತಳದ ಕೆಂಪು ಮಣ್ಣು ಬಯಲಾಗಿತ್ತು. ಮುಳುಗಿದ ಹಳೇ ಊರಿನ ಕಟ್ಟೆ ಕಾಣುತ್ತಿದೆ ಅಂತ ಮನೆಮಂದಿ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಶೇಷಮ್ಮ, ಅವಳ ಗಂಡ ಬೈರಪ್ಪ ಭಾವ, ಮೈದುನ ಧರ್ಮೇಶ, ಅವನ ಹೆಂಡತಿ ಸುಮನಾ. ಉಂಡರು, ಹರಟಿದರು. ಸಂಜೆಗೆ ಹೊರಟರು.

ಆ ಮನೆಯಲ್ಲಿ ಒಂದು ರೂಢಿ. ನೀರಿನ ಬದಿಯಿಂದ ಏಳುವಾಗ ಜೊತೆಗೆ ಬಂದವರನ್ನೆಲ್ಲ ಹೆಸರು ಹಿಡಿದು ಕರೆದುಕೊಂಡು ಬರಬೇಕು. ಕರೆಯದೆ ಬಿಟ್ಟವರನ್ನು ನೀರು ಇಟ್ಟುಕೊಳ್ಳುತ್ತದೆ ಅಂತ. ಮನೆಯ ಹಿರಿಯ ಹೆಂಗಸು ಶೇಷಮ್ಮ, ಅವಳೇ ಕರೆದಳು. "ಧರ್ಮೇಶಾ, ಬಾ. ಸುಮನಾ, ಬಾ." ಗಂಡನ ಹೆಸರನ್ನು ಅವಳು ಮದುವೆಯಾದಾಗಿನಿಂದ ಬಾಯಲ್ಲಿ ಹೇಳಿದವಳಲ್ಲ. "ಇವರೇ, ಬನ್ನಿ" ಅಂದಳು.

ಬೈರಪ್ಪ ಭಾವ ಕೈ ತೊಳೆಯಲು ಕೆಳಗೆ ಇಳಿದಿದ್ದರು. ಬರಲೇ ಇಲ್ಲ.

ಮೂರು ದಿನ ನೀರು ಜಾಲಾಡಿದರು. ಸಿಕ್ಕಿದ್ದು ಬಲಗಾಲಿನ ಹವಾಯಿ ಚಪ್ಪಲಿ ಒಂದೇ. ಎಡಗಾಲಿನದರ ಬಾರು ಕಿತ್ತುಹೋಗಿ, ಪಿನ್ನು ಚುಚ್ಚಿಕೊಂಡಿದ್ದರು. ನಡೆದರೆ ಟಿಕ್ ಅನ್ನುತ್ತಿತ್ತು. ಅದು ಸಿಗಲಿಲ್ಲ.

ಶೇಷಮ್ಮ ಅಳಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲು ಹೇಗೆ ತನ್ನದಲ್ಲ ಅನ್ನಿಸುತ್ತದೋ, ಅವಳ ಎದೆ ಹಾಗಾಗಿತ್ತು. ಧರ್ಮೇಶ ತಿಂಗಳಿಗೊಮ್ಮೆ ಅದೇ ಮಾತು ತೆಗೆಯುತ್ತಿದ್ದ. ತಿಥಿ ಕಾರ್ಯ ಮುಗಿಸಿಬಿಡುವ, ಅತ್ತಿಗೆ, ಅಣ್ಣ ಅಲ್ಲೇ ಎಷ್ಟು ದಿನ ನಿಂತಿರಬೇಕು ಅಂತ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಾನು ಹೆಸರು ಹಿಡಿದು ಕರೆಯಲಿಲ್ಲ, ಅದಕ್ಕೇ ಅವರು ಬರಲಿಲ್ಲ, ಈಗ ಕಾರ್ಯವನ್ನೂ ಮಾಡಿದರೆ ಬಿಟ್ಟೇ ಬಂದ ಹಾಗೆ... ಅವಳ ತಲೆಯಲ್ಲಿ ಇದ್ದದ್ದು ಇಷ್ಟೇ. ಆಗ ಯಾರಿಗೂ ಹೇಳಿರಲಿಲ್ಲ.

ಮಗಳು ಅರ್ಪಣಾ ಐರ್ಲೆಂಡಿನಲ್ಲಿ ನರ್ಸು. ಮೂರು ತಿಂಗಳು ಇದ್ದು ಹೋಗು ಅಂತ ಅಮ್ಮನನ್ನು ಕರೆಸಿಕೊಂಡಳು. ಬಂದವಳು ಕಿಟಕಿ ಬಿಟ್ಟು ಏಳದ್ದು ನೋಡಿ, ಗೈಡ್ ಇರುವ ಒಂದು ದಿನದ ಟೂರಿಗೆ ಹೆಸರು ಬರೆಸಿದಳು. ತನಗೆ ಡ್ಯೂಟಿ ಇತ್ತು. ಗೈಡು ಹೇಳಿದಲ್ಲಿ ಇಳಿ, ಹೇಳಿದಾಗ ಹತ್ತು, ಅಷ್ಟೇ ಅಮ್ಮ ಅಂದಳು. ಹೊದೆಯಲು ಒಂದು ಬಿಳಿ ಉಣ್ಣೆ ಶಾಲು ಕೊಟ್ಟಳು.

ಸಣ್ಣ ಬಸ್ಸು. ಜನ ಇಪ್ಪತ್ತಮೂರು. ಗೈಡು ಕೆಂಪು ಕೋಟಿನ ವಯಸ್ಸಾದ ಮನುಷ್ಯ, ಒಳ್ಳೆಯವನು. ಅಟ್ಲಾಂಟಿಕ್ ಕಡಲು ಅಂತ ಕೈ ತೋರಿಸಿದ. ಕಪ್ಪು ಬಂಡೆ, ಗೋಡೆ ಕಡಿದ ಹಾಗೆ ನೇರ ಕೆಳಗೆ. ತುದಿಗೆ ಹೋಗಬೇಡಿ ಅಂತ ಎಲ್ಲರಿಗೂ ಸನ್ನೆ ಮಾಡಿದ. ಅಲೆ ಬಡಿದರೆ ಮೊದಲು ಧೊಪ್... ಒಂದು ಗಳಿಗೆ ಏನಿಲ್ಲ... ಆಮೇಲೆ ಹಿಂದಕ್ಕೆ ಎಳೆದುಕೊಳ್ಳುವಾಗ ಸಣ್ಣ ಕಲ್ಲುಗಳ ಸದ್ದು, ಮೊರದಲ್ಲಿ ಕಾಳು ಕೇರಿದ ಹಾಗೆ. ಉಳಿದವರು ಫೋಟೋ ತೆಗೆದರು. ಒಬ್ಬಳು ಚೀನಾದ ಹುಡುಗಿ ಇವಳದೂ ಒಂದು ತೆಗೆದಳು. ಶೇಷಮ್ಮನಿಗೆ ಚಂದ ಅನ್ನಿಸಲಿಲ್ಲ, ಬೇಜಾರೂ ಅನ್ನಿಸಲಿಲ್ಲ. ನೀರು ಅಷ್ಟೆ.

ಕಡೆಯ ನಿಲ್ದಾಣ ಒಂದು ಸಣ್ಣ ಕೊಲ್ಲಿ. ಚಪ್ಪಡಿ ಕಲ್ಲು ಮೆಟ್ಟಿಲಿನ ಹಾಗೆ ನೀರಿಗೆ ಇಳಿಯುತ್ತದೆ. ಅರ್ಧ ಗಂಟೆ ಅಂತ ಗೈಡು ಕೈಗಡಿಯಾರ ತೋರಿಸಿದ. ಅವಳು ಮೇಲಿನ ಚಪ್ಪಡಿಯ ಮೇಲೆ ಕೂತಳು. ಶಾಲನ್ನು ಬಸ್ಸಿನಲ್ಲಿ, ಖಾಲಿ ಇದ್ದ ಪಕ್ಕದ ಸೀಟಿನ ಮೇಲೆ ಬಿಟ್ಟು ಬಂದಿದ್ದಳು.

ಎಲ್ಲರೂ ಹತ್ತಿದರು. ಇವಳು ಏಳಲಿಲ್ಲ. ಗೈಡು ಪಟ್ಟಿ ಹಿಡಿದುಕೊಂಡು ಮೆಟ್ಟಿಲ ತನಕ ಬಂದ. ಪಾಸ್‌ಪೋರ್ಟಿನಲ್ಲಿ ಕೊನೇ ಹೆಸರು ಅಂತ ಒಂದು ಕೇಳುತ್ತಾರಲ್ಲ, ಅಲ್ಲಿ ಗಂಡನ ಹೆಸರು ಬರೆಸಿದ್ದರು. ಅಲ್ಲಿಯವರು ಆ ಕೊನೇ ಹೆಸರನ್ನೇ ಮೊದಲು ಹಾಕುತ್ತಾರೆ. ಅವನು ಕಡಲಿನ ಕಡೆ ಮುಖ ಮಾಡಿ, ಕೈ ಬಾಯಿಗೆ ಅಡ್ಡ ಹಿಡಿದು ಕರೆದ.

"ಬೈರಪ್ಪಾ..."

ಅದು ತನ್ನನ್ನು ಕರೆದದ್ದು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಓಗೊಡಲಿಲ್ಲ. ಅವನು ಎರಡನೇ ಸಲ ಕರೆದ. ಮೂರನೇ ಸಲ ಇನ್ನೂ ಗಟ್ಟಿಯಾಗಿ ಕರೆದು, ಬಾ ಬಾ ಅಂತ ಕೈ ಬೀಸಿದ.

ಅಲೆ ಧೊಪ್ ಅಂದಿತು. ಆಮೇಲೆ ಕಲ್ಲು ಉರುಳುವ ಸದ್ದು ಬರಬೇಕಿತ್ತು... ಬರಲಿಲ್ಲ.

ಶೇಷಮ್ಮ ಎದ್ದು ಹೋಗಿ ಬಸ್ಸಿನಲ್ಲಿ ಕೂತಳು. ಗೈಡು ತಲೆ ಎಣಿಸಿದ. ನಿಂತು, ಮತ್ತೆ ಮೊದಲಿನಿಂದ ಎಣಿಸಿದ. ಇಪ್ಪತ್ತನಾಲ್ಕು. ಡ್ರೈವರನ್ನೂ ಎಣಿಸಿರಬೇಕು ಅಂತ ಯಾರೋ ಅಂದರು. ಡ್ರೈವರು ಹೊರಗೆ ನಿಂತು ಸಿಗರೇಟು ಸೇದುತ್ತಿದ್ದ. ಒಬ್ಬರು ಕಡಿಮೆ ಆದರೆ ತಾನೆ ಚಿಂತೆ ಅನ್ನುವ ಹಾಗೆ ಗೈಡು ನಕ್ಕ. ಬಸ್ಸು ಹೊರಟಿತು. ಶೇಷಮ್ಮ ಪಕ್ಕದ ಸೀಟಿನ ಶಾಲಿನ ಮೇಲೆ ಕೈ ಇಟ್ಟಳು. ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ.

ಅವಳಿಗೆ ಹೆದರಿಕೆ ಆಗಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಎರಡು ಗಂಟೆ ಹಾಗೇ ಕೂತಳು.

ಈಗ ಬಾವಿಯ ಹತ್ತಿರ ಆ ಸದ್ದು. ಪಚಕ್ ಅನ್ನುವುದು ಒದ್ದೆ ಬರಿಗಾಲು. ಟಿಕ್ ಅನ್ನುವುದು ಪಿನ್ನು. ಅವಳು ತಿರುಗಿ ನೋಡಲಿಲ್ಲ. ನಡೆದಳು. ಅದೂ ನಡೆಯಿತು. ಮನೆಯ ಗೇಟು ದಾಟಿತು. ಬಾಗಿಲಲ್ಲಿ ಅವಳು ನಿಂತರೆ ಹಿಂದೆ ಎರಡು ಮಾರು ದೂರದಲ್ಲಿ ನಿಂತಿತು.

ಅರ್ಪಣಾ ಬಾಗಿಲು ತೆಗೆದಳು. "ಎಂತಕ್ಕೆ ಅಲ್ಲೇ ನಿಂತೆ ಅಮ್ಮ? ಒಳಗೆ..."

"ಶ್..." ಶೇಷಮ್ಮ ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು. "ಬಾ ಅನ್ನಬೇಡ."

"ಯಾರಿಗೆ?"

"ಯಾರಿಗೂ."

ಅಷ್ಟರಲ್ಲಿ ಮಗಳಿಗೂ ಕೇಳಿತು. ಅಂಗಳದ ಕಲ್ಲಿನ ಮೇಲೆ ತೊಟ್ಟು ತೊಟ್ಟಾಗಿ ನೀರು ಬೀಳುವ ಸದ್ದು. ಮಳೆ ಇಲ್ಲ. ನಲ್ಲಿ ಇಲ್ಲ. ಅವಳು ಅಮ್ಮನ ಸೆರಗು ಹಿಡಿದುಕೊಂಡಳು.

ಒಂದು ಮಾತು ಬಾ ಅಂದಿದ್ದರೆ ಒಳಗೇ ಬರುತ್ತಿತ್ತು. ಶೇಷಮ್ಮನಿಗೆ ಅದು ಗೊತ್ತಿತ್ತು. ಒಂದು ವರ್ಷದಿಂದ ಅವಳು ಕಾದದ್ದೂ ಅದಕ್ಕೇ. ಆದರೂ ಬಾಗಿಲಿನ ಕಡೆ ಮುಖ ಇಟ್ಟುಕೊಂಡೇ, ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಹೆಸರು ಹೇಳಿದಳು.

"ಬೈರಪ್ಪ... ಕರೆದಾಯಿತಲ್ಲ. ಇನ್ನು ನೀವು ಹೋಗಿ."

ಹೋಗಿ ಬನ್ನಿ ಅನ್ನಲಿಲ್ಲ. ಬರೀ ಹೋಗಿ.

ಸ್ವಲ್ಪ ಹೊತ್ತು ಬರೀ ಹನಿ... ಟಿಕ್ ಅಂತ ಒಂದೇ ಸಲ. ಆಮೇಲೆ ಹನಿ ಬೀಳುವುದು ನಿಂತಿತು.

ಬೆಳಗ್ಗೆ ಎದ್ದು ಅವಳೇ ಧರ್ಮೇಶನಿಗೆ ಫೋನು ಮಾಡಿದಳು. ಕಾರ್ಯ ಇಟ್ಟುಕೋ, ನಾನು ಬರುತ್ತೇನೆ ಅಂದಳು. ಆಗಲೂ ಅಳಲಿಲ್ಲ. ತಿಂಗಳೊಳಗೆ ಕಾರ್ಯ ಆಯಿತು. ನಾನೂ ಹೋಗಿದ್ದೆ.

ಇದನ್ನೆಲ್ಲ ಹೇಳಿ, ಆ ಬಿಳಿ ಶಾಲನ್ನು ಅವಳು ನನಗೆ ಕೊಟ್ಟಳು. ನಂಬುವವರು ನಂಬಲಿ, ಬಿಡುವವರು ಬಿಡಲಿ, ಇದು ಆದದ್ದು. ಕಡಲ ನೀರಿನಲ್ಲಿ ನೆಂದ ಬಟ್ಟೆ ಒಣಗಿದರೆ ಉಪ್ಪಿನ ಕಲೆ ಇರಬೇಕು. ಇದರಲ್ಲಿ ಇಲ್ಲ. ನಾನೇ ನಾಲ್ಕು ಸಲ ಒಗೆದಿದ್ದೇನೆ. ನಾಲ್ಕು ಸಲವೂ ಬಕೆಟ್ಟಿನ ತಳದಲ್ಲಿ ಒಂದು ಹಿಡಿ ಕೆಂಪು ಮಣ್ಣು ಇಳಿದಿತ್ತು.